ಜರ್ಮನ್ ದೀಪದ ಮೂರನೆಯ ಸಾಲು

೧೯೫೯ರ ಒಂದು ಬುಧವಾರ ಬೆಳಿಗ್ಗೆ ನಾನೂ ಆದಿನಾರಾಯಣರೂ ಅವರ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ, ಚಿನ್ನದ ಗಣಿಯ ಊರಾದ ನಮ್ಮ ಉರಿಗಾಂನ ವಾಚನಾಲಯದ ಕಾವಲುಗಾರ ಪೆರುಮಾಳ್ ಓಡುತ್ತಾ ಬಂದ.

"ಸಾಮೀ, ಜರ್ಮನ್ ದೀಪ ನಿನ್ನೆ ಬೆಳಿಗ್ಗೆಯಿಂದ ಕಾಣ್ತಿಲ್ಲ. ಸಂಜೆಯೊಳಗೆ ಸಿಗ್ಲಿಲ್ಲಾಂದ್ರೆ ಕೆಲ್ಸ ಬಿಟ್ಟು ಓಗು ಅಂತಾವ್ರೆ ಕಾರ್ಯದರ್ಶಿಗಳು. ಮೂರು ಮಕ್ಕಳು ಸಾಮೀ!"

ಆದಿನಾರಾಯಣರು ಮೂವತ್ತು ವರ್ಷ ಗಣಿಬಾಯಲ್ಲಿ ಕೂತು, ಕೆಳಗಿಳಿಯುವವರಿಗೆ ಹಿತ್ತಾಳೆ ಬಿಲ್ಲೆ ಕೊಟ್ಟು, ಮೇಲೆ ಬಂದವರಿಂದ ವಾಪಸು ಪಡೆದು ಮೊಳೆಗೆ ನೇತುಹಾಕಿದವರು. ಮೊಳೆ ಖಾಲಿಯಿದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆಂದೇ ಲೆಕ್ಕ. ನಿವೃತ್ತರಾದ ಮೇಲೆ ಊರಲ್ಲಿ ಕಳೆದದ್ದನ್ನು ಹುಡುಕುವುದು ಅವರ ಕೆಲಸ. ಜೊತೆಗೆ ಹೋಗಿ ಮಾತಾಡುವುದು ನನ್ನದು.

ಜರ್ಮನಿಯಿಂದ ಬಂದ ಆ ಹಿತ್ತಾಳೆಯ ಗಣಿದೀಪವನ್ನಿಟ್ಟಿದ್ದ ವಾಚನಾಲಯದ ಗಾಜಿನ ಬೀರು ಒಡೆದಿರಲಿಲ್ಲ. ಬೀಗದ ಕೈ ನೀರಿನ ಮಡಕೆಯ ಮೇಲಿನ ಮೊಳೆಯಲ್ಲೇ ಇತ್ತು. ಬಾಯಾರಿ ಮಡಕೆಗೆ ಲೋಟ ಹಾಕಿದೆ, ಒಣಗಿತ್ತು.

"ದೀಪದ ಮೇಲೆ ಗ್ಲುಕ್‌ಔಫ್ ಅಂತ ಕೆತ್ತಿತ್ತು," ಎಂದರು ಪುಸ್ತಕಪಾಲಕ ಶ್ರೀನಿವಾಸಪ್ಪ. "ಆ ದೇಶದ ಗಣಿಯವರು ಎದುರಾದಾಗ ಹೇಳೋ ಮಾತು. ಶುಭವಾಗಲಿ, ಅದಿರಿನ ಬಾಗಿಲು ತೆರೆಯಲಿ, ಕ್ಷೇಮವಾಗಿ ಮೇಲೆ ಬಾ. ಮೂರು ಅರ್ಥಾನೂ ಒಂದರ ಕೆಳಗೊಂದು ಚೀಟೀಲಿ ಬರೆದು ದೀಪದ ಪಕ್ಕ ಇಟ್ಟಿದ್ದೆ. ಓದಕ್ಕೆ ಬರದೋರಿಗೆ ಬೆರಳಿಟ್ಟು ತೋರಿಸ್ತಿದ್ದೆ."

ಚೀಟಿಯಲ್ಲಿ ಎರಡೇ ಸಾಲು ಉಳಿದಿದ್ದವು. ಮೂರನೆಯದನ್ನು ಯಾರೋ ಜೋಪಾನವಾಗಿ ಹರಿದುಕೊಂಡಿದ್ದರು.

"ನಿನ್ನೆ ಬೆಳಿಗ್ಗೆಗೇ ಇರಲಿಲ್ಲ ಅಂದ್ರೆ ಹಿಂದಿನ ದಿನವೇ ಹೋಗಿದೆ. ಸೋಮವಾರ ಮಧ್ಯಾಹ್ನ ಇಲ್ಲಿ ಯಾರಿದ್ರು?" ಎಂದು ಅವರನ್ನು ಕೇಳಿದರು ಆದಿನಾರಾಯಣರು.

"ಯಾರೂ ಇಲ್ಲ. ಸುರಂಗದಲ್ಲಿ ಬಂಡೆ ಸಿಡಿದು ಸೈರನ್ ಆಯ್ತಲ್ಲ, ಎಲ್ಲಾ ಗಣಿಬಾಯಿಗೆ ಓಡಿದ್ವಿ."

ಆದಿನಾರಾಯಣರು ತಮ್ಮ ಹಳೆಯ ಬಿಲ್ಲೆಮನೆಗೆ ಹೋಗಿ ಬಂದರು. ಸಂಜೆ ಎಲ್ಲರೂ ವಾಚನಾಲಯದಲ್ಲಿ ಸೇರಿದೆವು.

"ಇತ್ತಾಳೆ ಆಸೆಗೆ ಈ ಪೆರುಮಾಳ್ನೇ ಆಂಡರ್ಸನ್‌ಪೇಟೆ ಗುಜರೀಲಿ ಮಾರ್ಕೊಂಡವ್ನೆ ಬಿಡ್ರೀ," ಎಂದರು ಕಾರ್ಯದರ್ಶಿ ದೊಡ್ಡವೆಂಕಟಪ್ಪ.

"ಹಿತ್ತಾಳೆ ಮಾರೋನಿಗೆ ಕಾಗದದ ತುಂಡು ಯಾಕೆ?" ಆದಿನಾರಾಯಣರು ಚೀಟಿ ಎತ್ತಿ ಹಿಡಿದರು. "ಶುಭ ಬೇಡ, ಅದಿರು ಬೇಡ, ಮೇಲೆ ಬಾ ಅನ್ನೋದೊಂದೇ ಬೇಕಾಗಿತ್ತು. ಅಂದ್ರೆ ತಮ್ಮವರೊಬ್ಬರು ಕೆಳಗಿದ್ದರು. ಸೋಮವಾರ ಸಂಜೆ ಒಂದೇ ಮೊಳೆ ಖಾಲಿಯಿತ್ತು, ಕದಿರಪ್ಪನದು. ಮಂಗಳವಾರ ಅವನನ್ನ ಕಾಲು ಮುರಿದ ಸ್ಥಿತೀಲಿ ಎತ್ತಿ ತಂದರು, ಆಸ್ಪತ್ರೇಲಿದಾನೆ. ಇಲ್ಲಿ ಈಗ ಒಣಗಿರೋ ಮಡಕೆಗೆ ದಿನಾ ನೀರು ತುಂಬೋರು ಯಾರು? ಬೀಗದ ಕೈ ಇರೋ ಆ ಮೊಳೆ ಕೆಳಗೆ?"

"ಮುತ್ಯಾಲಮ್ಮ! ಕದಿರಪ್ಪನ ಎಂಡ್ತಿ!" ಎಂದ ಪೆರುಮಾಳ್. ಶ್ರೀನಿವಾಸಪ್ಪ ಹಣೆ ಚಚ್ಚಿಕೊಂಡರು. "ಭಾನುವಾರ ಆಯಮ್ಮನಿಗೆ ನಾನೇ ಬೆರಳಿಟ್ಟು ತೋರಿಸಿದ್ದೆ."

"ಮತ್ತೆ ಗಂಡ ಸಿಕ್ಕ ಮೇಲೂ ಯಾಕೆ ತಂದಿಡಲಿಲ್ಲ?" ಎಂದೆ ನಾನು.

"ಬನ್ನಿ, ನೋಡೋಣ."

ಮುತ್ಯಾಲಮ್ಮನ ಮನೆಯ ಹೊಸಿಲ ಪಕ್ಕ ಜರ್ಮನ್ ದೀಪ ಉರಿಯುತ್ತಿತ್ತು. ಅರಿಶಿನ, ಕುಂಕುಮ ಇಟ್ಟು, ಕಾಗದದ ತುಂಡನ್ನು ಅಡಿಗೆ ಸಿಕ್ಕಿಸಿದ್ದಳು. ದೊಡ್ಡವೆಂಕಟಪ್ಪ ಕೈಚಾಚಿದಾಗ ಆಕೆ ಅಡ್ಡ ಕೂತಳು.

"ಆರಿಸ್ಬ್ಯಾಡಿ ಸಾಮೀ. ಅವ್ರು ಒಸ್ಲು ದಾಟೋಗಂಟ ಉರೀಲಿ ಅಂತ ಅರಕೆ ಒತ್ತಿವ್ನಿ. ಆಮೇಲೆ ನಾನೇ ತತ್ತೀನಿ, ಪೋಲೀಸ್ ಟೇಸನ್‌ಗೂ ಬತ್ತೀನಿ."

"ನಿನ್ನಿಂದ ನನ್ನ ಕೆಲ್ಸ ಓಗ್ತಿತ್ತಲ್ಲಕ್ಕಾ! ಕೇಳಿದ್ರೆ ಕೀ ನಾನೇ ಕೊಡ್ತಿರ್ಲಿಲ್ವಾ?" ಎಂದು ರೇಗಿದ ಪೆರುಮಾಳ್. ಆಮೇಲೆ ಬಗ್ಗಿ ನೋಡಿ, "ಎಣ್ಣೆ ತೀರ್ತಾ ಐತೆ," ಎಂದು ತಾನೇ ಹುಡುಕಿ ಹುಯ್ದ. ದೊಡ್ಡವೆಂಕಟಪ್ಪ ಚಾಚಿದ ಕೈ ಹಿಂದಕ್ಕೆಳೆದು, ಗಾಳಿಗೆ ಅಡ್ಡವಾಗಿ ನಿಂತರು.

ಮೂರು ವಾರಕ್ಕೆ ಕದಿರಪ್ಪ ಊರುಗೋಲಿನಲ್ಲಿ ಹೊಸಿಲು ದಾಟಿದ. ಅಂದೇ ದೀಪ ಬೀರುವಿಗೆ ಬಂತು. ಆ ಮೂರನೆಯ ಸಾಲು ಮಾತ್ರ ಬರಲಿಲ್ಲ. ಅದು ಕದಿರಪ್ಪನ ಬುತ್ತಿ ಡಬ್ಬಿಯ ಮುಚ್ಚಳದೊಳಗೆ ಅಂಟಿಕೊಂಡು, ಅವನು ಮತ್ತೆ ಕೆಲಸಕ್ಕೆ ಸೇರಿದ ದಿನದಿಂದ ಅವನ ಜೊತೆ ಕೆಳಗಿಳಿಯುತ್ತದೆ, ಮೇಲೆ ಬರುತ್ತದೆ.