ಸುಂದರಾ ಕಟ್ಟಿದ ಬ್ರೇಕು

"ಅಂಗಡ್ಯಾಗ ಗಂಡಸರು ಯಾರೂ ಇಲ್ಲೇನ್ರಿ?"

ಸುಂದರಾ ತಲೆ ಎತ್ತಲಿಲ್ಲ. ದಿನಾ ಕೇಳುವ ಪ್ರಶ್ನೆ. ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಅದುಮಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಿದ್ದಳು.

"ಅದಾರ. ಒಳಗ ಮಲಗ್ಯಾರ, ಏಳಾಕ ಬರೂದಿಲ್ಲ. ಹೆಂಗಸರ ಕೈ ಮುಟ್ಟಿದ್ರ ನಿಮ್ಮ ಸೈಕಲ್ ಮೈಲಿಗಿ ಆಗ್ತೈತಿ ಅಂದ್ರ, ಹಂಗ ಮುಂದ ನಡೀರಿ."

ಮುಂದೆ ನಡೆಯುವ ಸಪ್ಪಳ ಬರಲಿಲ್ಲ. ಅವಳು ಕತ್ತೆತ್ತಿದಳು.

ಸೈಕಲ್ಲಿನ ಎರಡೂ ಬದಿಗೆ ಹಾಲಿನ ಕ್ಯಾನು. ತಲೆಗೆ ಸುತ್ತಿದ ರುಮಾಲು ಬೆವರಿಗೆ ತೊಯ್ದಿತ್ತು. ಬಯ್ಯಲು ಬಾಯಿ ತೆರೆದವನು ಅವಳ ಕಣ್ಣು ನೋಡಿ ಬಾಯಿ ಮುಚ್ಚಿದ್ದ. ಅವಳ ನಾಲಿಗೆಯ ತುದಿಯಲ್ಲಿದ್ದ ಇನ್ನೊಂದು ಮಾತೂ ಅಲ್ಲೇ ನಿಂತಿತು.

'ಏನಾತು ನನಗ...?'

ಸತ್ತಿ ಊರಿನ ಹೊಳೆಯಾಚೆ ಈಚೆ ಇರುವ ಸೈಕಲ್ಲುಗಳಿಗೆಲ್ಲ ಸತ್ಯಪ್ಪನ ಅಂಗಡಿಯೇ ಆಸರೆಯಾಗಿತ್ತು. ಸತ್ಯಪ್ಪನಿಗೆ ಲಕ್ವಾ ಹೊಡೆದು ಒಂದು ಮಗ್ಗಲು ಬಿದ್ದಮೇಲೆ, ಚಿಕ್ಕಂದಿನಿಂದ ಅವನ ಪಕ್ಕ ಕೂತು ನಟ್ಟು ಬಿಗಿಯುವ ಪಾನಾ ಕೊಡುತ್ತಿದ್ದ ಮಗಳು ಸುಂದರಾ ತಾನೇ ಪಾನಾ ಹಿಡಿದಳು. ಅಷ್ಟಕ್ಕೇ ಊರು ಉರಿದುಕೊಂಡಿತು. ಉಗುರಿನ ಸಂದಿಯಲ್ಲಿ ಮಸಿ ಇರುವ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಕಾಕಾ ಅಪ್ಪಾಸಾಬ ಬಂದಾಗಲೆಲ್ಲ ಕೇಳುತ್ತಿದ್ದ. ಆ ಮಸಿಯಿಂದಲೇ ಮನೆಯ ಒಲೆ ಉರಿಯುತ್ತದೆ ಎಂದು ಹೇಳಲು ಮಾತ್ರ ಒಬ್ಬನಿಗೂ ನಾಲಿಗೆ ಇರಲಿಲ್ಲ!

ಬಂದವನ ಹೆಸರು ಮಾಳಸಿದ್ದ. ಊರಾಚೆಯ ವಸ್ತಿಯಲ್ಲಿ ಕುರಿ, ಎಮ್ಮೆ ಕಟ್ಟಿಕೊಂಡು ತಾಯಿಯೊಂದಿಗೆ ಇದ್ದ. ಬ್ರೇಕು ಬಿಗಿ ಮಾಡಿಸಿದರೆ ಗಾಲಿ ಹಿಡಿಯುತ್ತದೆ, ಸಡಿಲು ಮಾಡಿಸಿದರೆ ನಿಲ್ಲುವುದಿಲ್ಲ ಎಂದು ದೂರಿದ.

ಸುಂದರಾ ಗಾಲಿ ಎತ್ತಿ ತಿರುಗಿಸಿದಳು. ಚರ್... ಚರ್... ಒಂದು ಬದಿಯ ರಬ್ಬರು ರಿಮ್ಮಿಗೆ ಅಂಟಿ ಕೂತಿತ್ತು. ಇನ್ನೊಂದು ದೂರ ನಿಂತು ಮುನಿಸಿಕೊಂಡಿತ್ತು. ಬಿಗಿ ಮಾಡುವುದೂ ಬೇಕಿಲ್ಲ, ಸಡಿಲು ಮಾಡುವುದೂ ಬೇಕಿಲ್ಲ, ನಡುವಿಗೆ ತರಬೇಕು ಎಂದಳು. ನಟ್ಟು ಬಿಚ್ಚಿ ಬ್ರೇಕು ಒತ್ತಿದರೆ ಎರಡೂ ರಬ್ಬರು ತಾವಾಗಿಯೇ ಬಂದು ರಿಮ್ಮನ್ನು ಅಪ್ಪುತ್ತವೆ. ಹಾಗೆ ಅಪ್ಪಿಕೊಂಡಿರುವಾಗಲೇ ನಟ್ಟು ಬಿಗಿಯಬೇಕು. ಬೇರೆ ದಿನ ಅವಳು ಹಳೆಯ ಟ್ಯೂಬಿನ ಪಟ್ಟಿಯಿಂದ ಬ್ರೇಕಿನ ಹಿಡಿಕೆಯನ್ನು ಒತ್ತಿ ಕಟ್ಟಿಬಿಡುತ್ತಿದ್ದಳು. ಅಂದು ಪಟ್ಟಿ ಅಲ್ಲೇ ಮೊಳೆಗೆ ತೂಗುತ್ತಿತ್ತು. ಅವಳು ಅತ್ತ ನೋಡಲಿಲ್ಲ.

"ಬ್ರೇಕ ಒತ್ತಿ ಹಿಡೀರಿ. ನಾ ಹೇಳೂತನ ಬಿಡಬ್ಯಾಡ್ರಿ."

ಅವನು ಹಿಡಿದ. ಅವಳು ಗಾಲಿಯ ಬಳಿ ಕುಕ್ಕರಗಾಲಲ್ಲಿ ಕೂತಳು. ಮೇಲೆ ಅವನ ಉಸಿರು, ಕೆಳಗೆ ಅವಳ ಕೈ. ನಟ್ಟು ಬಿಗಿದು ಎಷ್ಟೋ ಹೊತ್ತಾದರೂ ಪಾನಾ ಕೈಯಲ್ಲೇ ಇತ್ತು.

"ಬಿಡ್ಲೇನ್ರಿ?" ಎಂದ ಅವನು ಮೆಲ್ಲಗೆ.

"...ಬಿಡ್ರಿ."

ಗಾಲಿ ಸಪ್ಪಳವಿಲ್ಲದೆ ತಿರುಗಿತು. ಅವಳೊಳಗೆ ಮಾತ್ರ ಏನೋ ತಿಕ್ಕತೊಡಗಿತು.

ಆಮೇಲೆ ಮಾಳಸಿದ್ದನ ಸೈಕಲ್ಲಿಗೆ ಇಲ್ಲದ ರೋಗಗಳು ಬಂದವು. ಗಾಳಿ ಕಡಿಮೆಯಾಯಿತು, ಚೈನು ಬಿತ್ತು, ಏನೂ ಆಗದಿದ್ದರೆ ಗಂಟೆ ಸದ್ದು ಮಾಡದಾಯಿತು. ಗಂಟೆಯ ಮುಚ್ಚಳ ನೀವೇ ಬಿಚ್ಚಿಕೊಂಡು ಬಂದಿರೇನು ಎಂದು ಅವಳು ಕೇಳಿದಾಗ ಕಿವಿಯವರೆಗೂ ಕೆಂಪಾದ. ಮದುವೆಯಾದರೆ ಈ ಕೆಲಸ ಬಿಡುತ್ತೀರೇನು ಎಂದು ಒಮ್ಮೆ ಕೇಳಿದ. ಕೆಲಸ ಬಿಡು ಅನ್ನುವವನನ್ನೇ ಬಿಡುತ್ತೇನೆ ಎಂದಳು. ಅವನು ನಕ್ಕ, ಹೋದ.

'ಆ ನಗುವಿನ ಅರ್ಥ ಏನು...?' ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ರಸ್ತೆಯಲ್ಲಿ ಕ್ಯಾನು ಟಣ್ ಎಂದರೆ ಎದೆ ಹೊರಗೆ ಓಡಿಹೋಗುತ್ತಿತ್ತು.

ಖಂಡೇನವಮಿಯ ಹಿಂದಿನ ದಿನ ಹೊಸ ರಬ್ಬರು ಹಾಕಿಸಿಕೊಂಡು ಹೋದ. ಹಬ್ಬದ ಮಾರನೆ ಬೆಳಿಗ್ಗೆ ಸುದ್ದಿ ಬಂತು.

ಹೊಳೆಯ ಇಳುಕಲಲ್ಲಿ ಮಾಳಸಿದ್ದ ಬಿದ್ದಿದ್ದ. ಬ್ರೇಕು ಹಿಡಿಯಲೇ ಇಲ್ಲವಂತೆ. ಕಲ್ಲಿನ ಗೋಡೆಗೆ ಹೊಡೆದು ಎಡಗೈ ಮುರಿದಿತ್ತು. ಹಾಲೆಲ್ಲ ಮಣ್ಣುಪಾಲು.

ಮಧ್ಯಾಹ್ನದ ಹೊತ್ತಿಗೆ ಊರು ತೀರ್ಪು ಕೊಟ್ಟಾಗಿತ್ತು. ಹೆಣ್ಣಿನ ಕೈ, ಇನ್ನೇನಾಗುತ್ತದೆ? ಗಂಡಸು ಬಿಗಿದ ನಟ್ಟು ಸಡಿಲಾದರೆ ನಟ್ಟಿನ ತಪ್ಪು, ಹೆಣ್ಣು ಬಿಗಿದದ್ದಾದರೆ ಹೆಣ್ಣಿನ ತಪ್ಪು. ಊರ ಬಾಯಿಗೆ ಬ್ರೇಕು ಕಟ್ಟುವ ಪಾನಾ ಇನ್ನೂ ಯಾವ ಕಾರ್ಖಾನೆಯಲ್ಲೂ ಹುಟ್ಟಿಲ್ಲ!

ಗಿರಾಕಿಗಳು ಅಂಗಡಿಯ ಮುಂದೆಯೇ ಸೈಕಲ್ ತಳ್ಳಿಕೊಂಡು ದಾಟಿಹೋದರು. ಅಪ್ಪಾಸಾಬ ಬಂದು ಕಡೆಯ ಮಾತು ಆಡಿದ. ಬರುವ ಸಂತೆಯ ದಿನ ಅಥಣಿಯ ಭರಮು ಮಿಸ್ತ್ರಿ ಬಂದು ಅಂಗಡಿ ತೆಗೆದುಕೊಳ್ಳುತ್ತಾನೆ, ಹುಡುಗಿ ಮನೆಯಲ್ಲಿರಲಿ. ಸತ್ಯಪ್ಪ ಮಾತಾಡಬಲ್ಲ ಅರ್ಧ ಬಾಯಿಂದ ಬೇಡ ಎಂದ. ಅದನ್ನು ಕೇಳಿಸಿಕೊಳ್ಳುವ ಕಿವಿ ಯಾರಿಗಿತ್ತು?

ಸುಂದರಾಳಿಗೆ ಅಂಗಡಿಗಿಂತ ದೊಡ್ಡ ಚಿಂತೆ ಇತ್ತು. 'ಆ ನಟ್ಟು ಬಿಗಿದೆನೋ ಇಲ್ಲೋ? ಅವನನ್ನ ನೋಡಿಕೋತ ಮರತೆನೇನು? ಅವನ ಕೈ ನಾನ ಮುರಿದೆನೇನು...?' ರೊಟ್ಟಿ ಬಡಿಯುವಾಗಲೂ ಬೆರಳು ಇಲ್ಲದ ನಟ್ಟನ್ನು ಬಿಗಿಯುತ್ತಿತ್ತು. ಅವನು ಬಂದು ಒಂದು ಮಾತು ಬೈದಿದ್ದರೂ ಸಾಕಿತ್ತು. ಅವನು ಬರಲಿಲ್ಲ, ಏನೂ ಹೇಳಿ ಕಳಿಸಲಿಲ್ಲ.

ತಡೆಯಲಾರದೆ ಅವಳೇ ವಸ್ತಿಗೆ ಹೋದಳು.

ಸೈಕಲ್ಲು ಕುರಿದೊಡ್ಡಿಗೆ ಒರಗಿತ್ತು. ಕೂತು ನಟ್ಟು ಮುಟ್ಟಿದಳು. ಬಿಗಿ. ಇನ್ನೊಂದು ಮುಟ್ಟಿದಳು. ಬಿಗಿ! ರಬ್ಬರುಗಳು ಎರಡೂ ಕಡೆ ಸಮನಾಗಿ ನಿಂತಿದ್ದವು. ಮತ್ತೇಕೆ ಹಿಡಿಯಲಿಲ್ಲ? ರಿಮ್ಮಿನ ಒಳಬದಿಗೆ ಬೆರಳಾಡಿಸಿದಳು. ಬೆರಳು ಸರ್ರನೆ ಜಾರಿತು. ಮೂಗಿಗೆ ಹಿಡಿದಳು.

ಕುಸಬಿ ಎಣ್ಣೆ.

ಖಂಡೇನವಮಿಗೆ ಕುಡಗೋಲು, ಕೊಡಲಿ ತೊಳೆದು ಎಣ್ಣೆ ಸವರಿ ಪೂಜೆಗಿಡುತ್ತಾರೆ. ಇಲ್ಲಿ ಸೈಕಲ್ಲನ್ನೂ ಪೂಜೆಗಿಟ್ಟಿದ್ದರು. ಯಾರೋ ಬಹಳ ಪ್ರೀತಿಯಿಂದ, ಕಡ್ಡಿ ಕಡ್ಡಿಯ ನಡುವೆ ಅರಿವೆ ತೂರಿಸಿ, ರಿಮ್ಮಿಗೆಲ್ಲ ಎಣ್ಣೆ ಒರೆಸಿದ್ದರು. ಬ್ರೇಕು ಹಿಡಿಯುವುದಾದರೂ ಹೇಗೆ!

ಹಿಂದೆ ಹೆಜ್ಜೆ ಸಪ್ಪಳ. ಕೈಯನ್ನು ಕೊರಳಿಗೆ ಕಟ್ಟಿಕೊಂಡು ಮಾಳಸಿದ್ದ ನಿಂತಿದ್ದ. ಅವಳ ಬೆರಳು ನೋಡಿ ತಲೆ ಕೆಳಗೆ ಹಾಕಿದ.

"ನಿಮಗ ಗೊತ್ತಿತ್ತು," ಎಂದಳು.

"ಬಿದ್ದ ಸೈಕಲ್ ಎತ್ತುವಾಗ ಗೊತ್ತಾತು." ಅವನ ಧ್ವನಿ ಕುಗ್ಗಿತ್ತು. "ಅವ್ವ ಹಚ್ಚಿದ್ಲು. ನಾ ಬಿದ್ದಾಗಿಂದ ಆಕಿ ಸರಿಯಾಗಿ ಉಂಡಿಲ್ಲ. ತನ್ನ ಕೈಲೆ ಮಗನ ಕೈ ಮುರೀತು ಅಂತ ತಿಳದ್ರ ಉಳಿಯೂದಿಲ್ಲ ಅನಿಸ್ತು. ಊರು ನಾಕ ದಿನ ಆಡಿ ಮರೀತೈತಿ ಅನಕೊಂಡೆ..."

"ನಿಮ್ಮವ್ವನ ಜೀವ ಉಳಸಾಕ ನನ್ನ ಕೈ ಕಡದ್ರಿ."

ಅವನು ಏನೋ ಹೇಳಲು ಹೊರಟ. ಅಂಗಡಿ ಭರಮುವಿನ ಪಾಲಾಗುವುದನ್ನು ಹೇಳಿ ಅವಳು ತಿರುಗಿ ನಡೆದಳು. ದಾರಿಯುದ್ದಕ್ಕೂ ಅಳು ಬರಲಿಲ್ಲ, ಸಿಟ್ಟು ಬಂತು. ತಾನೇ ಊರಿಗೆ ಹೇಳಿದರೆ? ತನ್ನ ತಪ್ಪು ಮುಚ್ಚಲು ಮುದುಕಿಯ ಮೇಲೆ ಹಾಕಿದಳು ಎನ್ನುತ್ತಾರೆ. ಹೇಳಬೇಕಾದ ಬಾಯಿ ಒಂದೇ ಇತ್ತು, ಅದಕ್ಕೆ ಅವನೇ ಬೀಗ ಜಡಿದುಕೊಂಡಿದ್ದ.

ಸಂತೆಯ ದಿನ ಭರಮು ಬಂದ. ಅಪ್ಪಾಸಾಬ ಗೋಡೆಯ ಪಾನಾಗಳನ್ನು ಒಂದೊಂದಾಗಿ ಇಳಿಸಿ ಚೀಲಕ್ಕೆ ಹಾಕತೊಡಗಿದ. ಸುಂದರಾ ಹೊಸ್ತಿಲಲ್ಲಿ ನಿಂತು ನೋಡಿದಳು. ಒಂದೊಂದು ಟಣ್ ಎಂದಾಗಲೂ ಹಲ್ಲು ಕಚ್ಚಿದಳು.

ಆಗ ಸಂತೆಯ ಮಂದಿಯನ್ನು ಸರಿಸುತ್ತ ಒಬ್ಬ ಮುದುಕಿ ಬಂದಳು. ಅವಳ ಹಿಂದೆ ಮಾಳಸಿದ್ದ, ಒಂದೇ ಕೈಯಿಂದ ಸೈಕಲ್ ತಳ್ಳುತ್ತ.

"ಆ ಚೀಲ ಕೆಳಗಿಡ್ರಿ," ಎಂದಳು ಅವನ ತಾಯಿ ಲಗಮವ್ವ. ಅಪ್ಪಾಸಾಬ ನೀನ್ಯಾರು ಎನ್ನುವಂತೆ ನೋಡಿದ. "ಎಣ್ಣಿ ಹಚ್ಚಿದಾಕಿ ನಾ. ಬಿದ್ದಾಂವ ಇಂವ. ಊರ ಬೈಗಳ ಕೇಳೂದ ಮಾತ್ರ ಈ ಹುಡುಗೀನ?"

ಅವಳು ಅತ್ತು ಕರೆಯಲಿಲ್ಲ, ಮಗ ಹೆದರಿದಂತೆ ಕುಸಿದು ಬೀಳಲಿಲ್ಲ. ನಿನ್ನೆ ಮಗ ಎಲ್ಲ ಹೇಳಿದ ಮೇಲೆ ಅವನಿಗೆ ಬೈದು ಬೈದು ಧ್ವನಿ ಮಾತ್ರ ಒಡೆದಿತ್ತು. ಭರಮು ಬಗ್ಗಿ ರಿಮ್ಮು ಮುಟ್ಟಿದ, ಮೂಸಿದ, ನಟ್ಟು ತಿರುವಿ ನೋಡಿದ. ಇಂಥ ಗಾಲಿಯನ್ನು ಅಥಣಿಯ ಮಿಸ್ತ್ರಿಗಳೆಲ್ಲ ಕೂಡಿದರೂ ನಿಲ್ಲಿಸಲಾಗದು ಎಂದು ನಕ್ಕ. ಚೀಲದ ಪಾನಾಗಳನ್ನು ಮತ್ತೆ ಗೋಡೆಗೆ ತೂಗುಹಾಕಿ ತನ್ನ ದಾರಿ ಹಿಡಿದ. ಅಪ್ಪಾಸಾಬ ಗೊಣಗುತ್ತ ಸಂತೆಯಲ್ಲಿ ಕರಗಿದ.

ಲಗಮವ್ವ ಸುಂದರಾಳ ಕೆನ್ನೆ ಸವರಿ, ಸತ್ಯಪ್ಪನನ್ನು ಕಾಣಲು ಒಳಗೆ ಹೋದಳು.

ಸುಂದರಾ ಮಾಳಸಿದ್ದನ ಕಡೆ ತಿರುಗಿದಳು.

"ನಿಮ್ಮವ್ವಾರು ಹೇಳಿದ್ರು. ನೀವು?"

ಅವನು ಸಂತೆಯ ಕಡೆ ಮುಖ ಮಾಡಿ, ಬದನೆ ತೂಗುವವರು ತಕ್ಕಡಿ ನಿಲ್ಲಿಸುವಷ್ಟು ಗಟ್ಟಿಯಾಗಿ ಕೂಗಿದ.

"ಸುಂದರಾ ಕಟ್ಟಿದ ಬ್ರೇಕ ಗಟ್ಟಿ ಇತ್ತು! ಗೊತ್ತಿದ್ದೂ ಬಾಯಿ ಮುಚಗೊಂಡ ಕುಂತಾಂವ ನಾ!"

ಮಂದಿ ತಿರುಗಿ ನೋಡಿತು. ಯಾರೋ ನಕ್ಕರು. ಅವನು ನಗಲಿಲ್ಲ. ಎಷ್ಟೋ ದಿನಗಳಿಂದ ಅವಳ ಎದೆಯಲ್ಲಿ ತಿಕ್ಕುತ್ತಿದ್ದದ್ದು ಈಗ ಸ್ವಲ್ಪ ಸಡಿಲಾಯಿತು. ಕಣ್ಣು ತುಂಬಿತು. ಅವಳು ಮುಖ ಆಚೆ ತಿರುಗಿಸಿದಳು.

"ಒಳಗ ನಮ್ಮವ್ವ ಏನ ಕೇಳಾಕತ್ತಾಳ ಗೊತ್ತೈತೇನ?" ಎಂದ ಅವನು ಹತ್ತಿರ ಬಂದು.

"ಮಾಫಿ ಕೇಳಾಕತ್ತಿರಬೇಕು."

"ಅದೂ ಐತಿ. ಇನ್ನೊಂದೂ ಐತಿ. ಸೊಸಿ ಅಂಗಡಿ ಬಿಡೂ ಹಂಗಿಲ್ಲ, ನಾವ ದಿನಾ ಇಲ್ಲಿಗೆ ಬುತ್ತಿ ಕಟ್ಟತೇವಿ ಅಂತ ಹೇಳಿ ಕೇಳ್ತಾಳ." ಅವನು ಸೈಕಲ್ಲನ್ನು ಗೋಡೆಗೆ ಒರಗಿಸಿದ. "ನಿನ್ನ ಕೇಳಲಾರದ ಕರಕೊಂಡ ಬಂದೇನಿ. ಬ್ಯಾಡಂದ್ರ ಈಗ ಒಳಗ ಹೋಗಿ ಬಾಯಿ ಮುಚ್ಚಸ್ತೇನಿ."

ಸುಂದರಾ ಮಸಿಯ ಕೈಯಿಂದಲೇ ಕಣ್ಣು ಒರೆಸಿಕೊಂಡಳು.

"ಮಾಫಿ ನೀ ಕೇಳು," ಎಂದಳು. "ಇನ್ನೊಂದನ್ನ ಅವರು ಕೇಳ್ಲಿ."