ಬ್ರೊನ್ಯುಸ್ ಹಚ್ಚದ ದೀಪ

ನವೆಂಬರ್ ಮೂರು, ಬೆಳಿಗ್ಗೆ ಒಂಬತ್ತಕ್ಕೆ ವಿಲ್ನಿಯಸ್‌ನ ಠಾಣೆಗೆ ದೂರು ಬಂತು. ಹಬ್ಬದ ರಜೆಯಲ್ಲಿ ಪ್ರಯೋಗಾಲಯದ ಫ್ರಿಜ್‌ನಿಂದ ಸೀಸೆಯೊಂದು ಮಾಯವಾಗಿತ್ತು. ಎಫ್‌ಐಆರ್ ಬರೆಯುತ್ತಿದ್ದ ಪೇದೆ ಮಂತಾಸ್ ಅದರ ಫೋಟೋ ನೋಡಿ, ಇನ್ಸ್‌ಪೆಕ್ಟರ್ ಯುರ್ಗಾಳ ಕಡೆ ತಿರುಗಿ ನಕ್ಕ.

"ಖಾಲಿ ಸೀಸೆಗೂ ಕೇಸಾ ಮೇಡಂ?"

"ಖಾಲಿ ಅಲ್ಲ ಕಣಪ್ಪಾ," ಎಂದ ಪ್ರಯೋಗಾಲಯದ ಮುಖ್ಯಸ್ಥ ಕೆಸ್ತುತಿಸ್. "ತಳದಲ್ಲಿ ಒಣಗಿಸಿದ ಪ್ರೋಟೀನಿದೆ, ಕಣ್ಣಿಗೆ ಕಾಣಲ್ಲ. ಬ್ಯಾಕ್ಟೀರಿಯಾಕ್ಕೆ ಮನುಷ್ಯನ ಜೀನು ಸೇರಿಸಿ ಮಾಡಿಸಿದ್ದು. ಚರ್ಮದ ಕೋಶಕ್ಕೆ ಅದೇ ಊಟ, ಅದಿಲ್ಲದಿದ್ರೆ ಗಾಜಿನೊಳಗೆ ಬೆಳೆಯಲ್ಲ."

"ಇನ್ನೇನು ಹೋಗಿದೆ?" ಯುರ್ಗಾ ಕೇಳಿದಳು.

"ಬಿಸಾಕೋಕೆ ಇಟ್ಟಿದ್ದ ಹಳೇ ಕೋಶದ ಫ್ಲಾಸ್ಕು. ಕಸ, ಬರೀಬೇಡಿ."

"ಬರ್ಕೋ ಮಂತಾಸ್. ಯಾವ್ದು ಕಸ ಅಂತ ನಾನು ಹೇಳ್ತೀನಿ."

ಬೀಗ ಒಡೆದಿರಲಿಲ್ಲ. ನಿವೃತ್ತನಾದ ಬ್ರೊನ್ಯುಸ್ ಎಂಬ ತಂತ್ರಜ್ಞ ಮಾತ್ರ ಕೀಲಿ ಹಿಂದಿರುಗಿಸಿರಲಿಲ್ಲ. ಅವನ ಮನೆಯ ಗೇಟಿನಲ್ಲೇ ಪಕ್ಕದ ಮನೆಯಾಕೆ ಸಿಕ್ಕಳು.

"ಅವನಾ? ಕಲ್ಲೆದೆಯವನು! ನಿನ್ನೆ ಸತ್ತವರ ದಿನ, ಊರಿಗೆ ಊರೇ ಸ್ಮಶಾನದಲ್ಲಿ ದೀಪ ಹಚ್ತಿತ್ತು. ಹೆಂಡ್ತಿ ಅಲ್ಡೋನಾ ಹೋಗಿ ಮೂರು ವರ್ಷ. ಈ ಸಲ ಆ ಕಡೆ ತಲೆನೂ ಹಾಕಿಲ್ಲ."

ನಿನ್ನೆಯಷ್ಟೇ ತಾಯಿಯ ಗೋರಿಗೆ ದೀಪವಿಟ್ಟು ಬಂದಿದ್ದ ಯುರ್ಗಾ ನಿಂತಲ್ಲೇ ನಿಂತಳು. "ಆಕೆ ಯಾವ ಕೆಲಸದಲ್ಲಿದ್ರು?"

"ಅದೇ ಲ್ಯಾಬಲ್ಲಿ. ಪ್ರಯೋಗಕ್ಕೆ ತನ್ನ ತೋಳಿನ ಚರ್ಮಾನೇ ಕೊಟ್ಟಿದ್ಲು, ಮಹಾತಾಯಿ."

ಬಾಗಿಲು ತೆರೆದ ಬ್ರೊನ್ಯುಸ್, "ಬೂಟು ಒರೆಸ್ಕೊಂಡು ಬನ್ನಿ," ಎಂದ. ಫ್ರಿಜ್‌ನಲ್ಲಿ ಬೆಣ್ಣೆಯ ಪಕ್ಕ ಸೀಸೆ. ಅಡುಗೆಮನೆಯ ಮೂಲೆಯಲ್ಲಿ ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ; ಅದರೊಳಗೆ ಫ್ಲಾಸ್ಕು, ಮೈಬಿಸಿಯಷ್ಟೇ ಬೆಚ್ಚಗೆ.

"ಕದ್ದಿದ್ದು ಒಪ್ತೀರಾ ಅಜ್ಜಾ?" ಯುರ್ಗಾ ಕೇಳಿದಳು.

"ಸೀಸೆ ಕದ್ದೆ. ಇವಳನ್ನ ಕರ್ಕೊಂಡ್ಬಂದೆ."

"ಗೋರಿಗೆ ಯಾಕೆ ಹೋಗ್ಲಿಲ್ಲ?"

"ಮನೇಲಿರೋಳಿಗೆ ಅಲ್ಲಿ ದೀಪ ಹಚ್ಲಾ?"

ಮಂತಾಸ್ ಮುಖ ಆ ಕಡೆ ತಿರುಗಿಸಿದ. ಬಂಧನವೆಂದಾಗ ಮುದುಕ ತಾನೇ ಕೋಟು ತೊಟ್ಟ. "ಬರ್ತೀನಿ. ಸಂಜೆ ಇವಳಿಗೆ ಊಟ ಹಾಕೋರು ಯಾರು, ಅಷ್ಟು ಹೇಳಿ."

ಯುರ್ಗಾ ಕೆಸ್ತುತಿಸ್‌ಗೆ ಫೋನು ಮಾಡಿದಳು. "ನಿಮ್ಮ ಸೀಸೆ ಸಿಕ್ತು. ಫ್ಲಾಸ್ಕೂ ಬರ್ತಿದೆ. ಎರಡೂ ಕೇಸಿನ ಪುರಾವೆ, ಕೋರ್ಟು ಮುಗಿಯೋವರೆಗೆ ಕೆಡಬಾರದು. ದಿನಾ ಊಟ ಹಾಕಿ. ಸತ್ತರೆ ಪುರಾವೆ ನಾಶ ಅಂತ ನಿಮ್ಮನ್ನೂ ಒಳಗೆ ಹಾಕ್ತೀನಿ!"

"ಯಾರ ಕೋಶ ಅದು?"

"ಅಲ್ಡೋನಾದು."

ಆ ಕಡೆ ಕುರ್ಚಿ ಸರಿದ ಸದ್ದಾಯಿತು. "ನಂಗೆ ಪಿಪೆಟ್ ಹಿಡಿಯೋಕೆ ಕಲಿಸಿದೋರು... ತನ್ನಿ. ನಾನೇ ನೋಡ್ಕೋತೀನಿ."

ಮಂತಾಸ್ ಪಂಚನಾಮೆ ಬರೆದ: ಸೀಸೆ ಒಂದು, ಫ್ಲಾಸ್ಕು ಒಂದು. ಯುರ್ಗಾ ಪೆನ್ನು ಕಿತ್ತುಕೊಂಡು ಫ್ಲಾಸ್ಕಿನ ಮುಂದೆ 'ಜೀವಂತ' ಎಂದು ಸೇರಿಸಿದಳು. ಬ್ರೊನ್ಯುಸ್ ಕನ್ನಡಕ ಏರಿಸಿ ಅದನ್ನು ಓದಿದ. ಆಮೇಲೆ ಸಹಿ ಹಾಕಿದ.