ಶನಿವಾರಕ್ಕಾಗಿ ಬರೆದ ಒಂದು ಸಾಲು

"ನಾನು ಹಾಕಿದ್ದನ್ನ ತೆಗೆಯೋಕೆ ನೀನ್ಯಾರು?"

ಜಿಬೆಕ್ ಅವನೊಂದಿಗೆ ಆಡಿದ ಮೊದಲ ಮಾತೇ ಇದು. ಬಿಷ್ಕೆಕ್‌ನ ಆ ಹಳೆಯ ಕಚೇರಿಯ ಮೂರನೇ ಮಹಡಿಯಲ್ಲಿ, ಅವಳದೇ ಮೇಜಿನ ಎದುರು ಕುರ್ಚಿಯಲ್ಲಿ ಕೂತು, ಮಾಂಸ, ಈರುಳ್ಳಿ ತುಂಬಿದ ಬಿಸಿ ಸಂಸಾ ತಿನ್ನುತ್ತ ಅವಳದೇ ಕಂಪ್ಯೂಟರ್ ಒತ್ತುತ್ತಿದ್ದ ಹೊಸಬ ತಲೆ ಎತ್ತಿ ನೋಡಿದ. ತುಟಿಯ ಪಕ್ಕ ಈರುಳ್ಳಿಯ ಚೂರೊಂದು ಅಂಟಿತ್ತು.

"ತೆಗೆಯೋನು," ಎಂದ. "ಅದಕ್ಕೇ ನನಗೆ ಸಂಬಳ. ಸಗಿನ್ ಬೈಕೆ ನಿಮಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ. ಎಲ್ಲರೂ ಬೈಕೆ, ಅಂದರೆ ಅಣ್ಣ, ಎಂದು ಕರೆಯುವ ಕಚೇರಿಯ ಮುಖ್ಯಸ್ಥ ಸಗಿನ್‌ಗೆ ಹೇಳಬೇಕಾದ್ದನ್ನು ಬಿಟ್ಟು ಉಳಿದದ್ದೆಲ್ಲ ಹೇಳುವ ಅಭ್ಯಾಸ. ಕುಬಾತ್ ಎಂಬ ಈ ಆಸಾಮಿ ಅಂದಿನಿಂದ ಕೆಲಸದಲ್ಲಿ ಅವಳ ಹೊಸ ಜೋಡಿ ಎಂದು ಗೊತ್ತಾದದ್ದು ಅವಳು ಬೈದು ಮುಗಿಸಿದ ಮೇಲೆ.

ಆ ಕಚೇರಿಯ ಕೆಲಸ ಪರ್ವತದ ಕೆರೆಗಳನ್ನು ಕಾಯುವುದು. ಹಿಮನದಿಗಳ ಕೆಳಗೆ ಹದಿನಾಲ್ಕು ಠಾಣೆಗಳು, ಒಂದೊಂದರಲ್ಲೂ ಒಂದೊಂದು ಮುದಿ ಲಿನಕ್ಸ್ ಯಂತ್ರ. ಬೇಸಿಗೆಯಲ್ಲಿ ಹಿಮ ಕರಗಿ ಕೆರೆಯ ನೀರು ಉಕ್ಕಿದರೆ ಯಂತ್ರ ರೇಡಿಯೋದಲ್ಲಿ ಸುದ್ದಿ ಕಳಿಸಬೇಕು, ಕೆಳಗಿನ ಹಳ್ಳಿಯಲ್ಲಿ ಸೈರನ್ ಕೂಗಬೇಕು. ಆ ಯಂತ್ರಗಳ ಕರ್ನಲ್ ಎಂಬ ಮೂಲ ತಂತ್ರಾಂಶವನ್ನು ನೋಡಿಕೊಳ್ಳುವುದು ಇವರಿಬ್ಬರ ಪಾಲಿನದು. ಕರ್ನಲ್ ಎಂದರೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಉಳಿದವರನ್ನು ಎಬ್ಬಿಸುವ ತಾಯಿ ಇದ್ದಹಾಗೆ. ಅವಳು ಏಳದಿದ್ದರೆ ಮನೆಯಲ್ಲಿ ಒಲೆಯೂ ಹೊತ್ತುವುದಿಲ್ಲ.

ಹೊಸ ಕರ್ನಲ್ ಆಗಾಗ ಬರುತ್ತಿತ್ತು. ಆ ಯಂತ್ರಗಳಲ್ಲಿ ಅದನ್ನು ಇಡುವ ಜಾಗವೋ ಅಂಗೈಯಗಲ. ಎರಡು ಇಟ್ಟರೆ ಇಕ್ಕಟ್ಟು, ಮೂರನೆಯದು ಹಿಡಿಯುವುದೇ ಇಲ್ಲ. ಹಾಗೆಂದು ಹೊಸದನ್ನು ಪರೀಕ್ಷಿಸದೆ ಹಳೆಯದನ್ನು ತೆಗೆದರೆ, ಹೊಸದು ಕೈಕೊಟ್ಟ ದಿನ ಯಂತ್ರಕ್ಕೆ ದಿಕ್ಕಿಲ್ಲ. ಅದಕ್ಕೇ ಸಗಿನ್ ಬೈಕೆಯ ಕಟ್ಟಪ್ಪಣೆ: ಹಾಕಿದವರು ತೆಗೆಯಬಾರದು. ಶುಕ್ರವಾರ ಜಿಬೆಕ್ ಹೊಸದನ್ನು ಹಾಕುವಳು. ಶನಿವಾರ ಇಬ್ಬರೂ ಕೂತು ಒಂದೊಂದೇ ಯಂತ್ರವನ್ನು ಮಲಗಿಸಿ ಹೊಸದರಿಂದ ಎಬ್ಬಿಸುವರು. ರೇಡಿಯೋ ಮಾತಾಡಿತು, ಕೆರೆಯ ನೀರಿನ ಅಳತೆ ಕಡ್ಡಿ ಮಾತಾಡಿತು ಎಂದು ಖಾತ್ರಿಯಾದ ಮೇಲೆ ಜಿಬೆಕ್ "ಸರಿ" ಎನ್ನುವಳು, ಕುಬಾತ್ ಹಳೆಯದನ್ನು ಕೈಯಾರೆ ತೆಗೆಯುವನು. ಹದಿನಾಲ್ಕು ಮುಗಿಯುವಷ್ಟರಲ್ಲಿ ಸಂಜೆ.

ಅಷ್ಟು ಉದ್ದದ ಶನಿವಾರಗಳಲ್ಲಿ ಇಬ್ಬರು ಪ್ರಾಯದವರನ್ನು ಒಂದು ಕೋಣೆಯಲ್ಲಿ ಕೂರಿಸಿದರೆ ಏನಾಗಬೇಕೋ ಅದೇ ಆಯಿತು.

"ನಿನಗಿಂತ ಎರಡು ವರ್ಷ ದೊಡ್ಡವಳು ನಾನು," ಎಂದಳು ಒಮ್ಮೆ. "ಎಜೆ ಅಂತ ಕರೀಬೇಕು. ಅಕ್ಕನಿಗೆ ಅಷ್ಟೂ ಮರ್ಯಾದೆ ಬೇಡ್ವಾ?"

"ಕರೆಯಲ್ಲ."

"ಯಾಕಂತೆ?"

"ಎಜೆ ಅಂದ್ಬಿಟ್ರೆ ಆಮೇಲೆ ಹೀಗೆ ನೋಡೋ ಹಾಗಿಲ್ಲ."

ಅವಳು ಪರದೆಯ ಕಡೆ ತಿರುಗಿದಳು. ಏಳನೇ ಯಂತ್ರ ಏಳುತ್ತಿತ್ತು, ಸಾಲು ಸಾಲಾಗಿ ಅಕ್ಷರಗಳು ಓಡುತ್ತಿದ್ದವು, ಒಂದೂ ಅವಳ ಕಣ್ಣಿಗೆ ಹತ್ತಲಿಲ್ಲ. ಪಕ್ಕದಿಂದ ಅವನ ನೋಟ ತನ್ನ ಕೊರಳಿನ ಮೇಲಿದೆ ಎಂದು ನೋಡದೆಯೇ ಗೊತ್ತಾಯಿತು. ಕೂದಲು ಬಿಚ್ಚಿ ಮುಂದಕ್ಕೆಳೆದುಕೊಂಡಳು. ಅವನು ನಕ್ಕ.

"ಮುಚ್ಚಿದ್ರೂ ಪ್ರಯೋಜನ ಇಲ್ಲ. ಮಚ್ಚೆ ಎಲ್ಲಿದೆ ಅಂತ ಬಾಯಿಪಾಠ ಆಗಿದೆ."

"ಕೆಲಸ ನೋಡು, ನಾಚಿಕೆಗೆಟ್ಟವನೇ."

"ಅದನ್ನೇ ನೋಡ್ತಾ ಇರೋದು."

ಹೀಗೆ ಎರಡು ವರ್ಷ. ಕೈ ತಾಗಿದರೆ ಇಬ್ಬರೂ ಕ್ಷಮೆ ಕೇಳುತ್ತಿದ್ದರು. ಬೇಸಿಗೆಯಲ್ಲಿ ಬೀದಿಯ ಪೀಪಾಯಿಯಿಂದ ಹುಳಿ ಅಂಬಲಿಯಂಥ ತಣ್ಣನೆ ಮಕ್ಸಿಮ್ ತಂದು ಒಂದೇ ಲೋಟದಲ್ಲಿ ಕುಡಿಯುತ್ತಿದ್ದರು. ಲೋಟ ಇನ್ನೊಂದಿತ್ತು. ಇಬ್ಬರಿಗೂ ಅದು ಕಾಣಿಸುತ್ತಿರಲಿಲ್ಲ.

ಕೊರತೆ ಒಂದೇ. ಇದ್ದ ಶನಿವಾರವೆಲ್ಲ ಯಂತ್ರಗಳ ಪಾಲಾಗುತ್ತಿತ್ತು, ಭಾನುವಾರ ಅವಳು ತಾಯಿಯ ಮನೆಗೆ ಹೋಗಲೇಬೇಕು. ಜುಲೈ ಬಂತು. ಆ ಶುಕ್ರವಾರ ಜಿಬೆಕ್ ಹದಿನಾಲ್ಕೂ ಯಂತ್ರಗಳಿಗೆ ಹೊಸ ಕರ್ನಲ್ ಕಳಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು ಫೋನ್ ತೆಗೆದರೆ ಅವನ ಮೆಸೇಜ್ ಬೆಳಗ್ಗೆಯಿಂದ ಕಾದು ಕೂತಿತ್ತು.

"ಸೆಟ್ಟಿಂಗ್ಸ್ ಫೈಲಲ್ಲಿ ಒಂದು ಸಾಲು ಬರೆದಿದ್ದೀನಿ. ಹೊಸ ಕರ್ನಲ್ ಬಂದ ಕೂಡಲೇ ಹಳೆಯದು ತಾನಾಗಿಯೇ ಹೋಗುತ್ತೆ. ಯಂತ್ರಗಳನ್ನ ಸೋಮವಾರ ಮಲಗಿಸಿ ಎಬ್ಬಿಸೋಣ, ಯಾರೂ ಕೇಳಲ್ಲ. ನಾಳೆ ಶನಿವಾರ ನಮ್ಮದು. ಎರಡು ವರ್ಷ ಆ ಮಚ್ಚೇನ ಕದ್ದು ಕದ್ದು ನೋಡಿದ್ದೀನಿ. ಒಂದು ದಿನ ಕದಿಯದೆ ನೋಡಬೇಕು."

ಅವಳ ಎದೆ ಎರಡು ಸಲ ಹೊಡೆದುಕೊಂಡಿತು. ಮೊದಲ ಸಲ ಭಯಕ್ಕೆ. ಹದಿನಾಲ್ಕೂ ಯಂತ್ರಗಳಲ್ಲಿ ಈಗ ಹಳೆಯ ಕರ್ನಲ್ ಇಲ್ಲ, ಹೊಸದನ್ನು ಯಾರೂ ಎಬ್ಬಿಸಿ ನೋಡಿಲ್ಲ. ಹಳೆಯದನ್ನು ಮತ್ತೆ ಹಾಕಲು ಎರಡು ಗಂಟೆ ಸಾಕಿತ್ತು. ಎರಡನೆಯ ಸಲ ಹೊಡೆದುಕೊಂಡದ್ದು ಮೆಸೇಜಿನ ಕೊನೆಯ ಸಾಲಿಗೆ. ಎರಡನೆಯದೇ ಗೆದ್ದಿತು. ಅವಳು ಕಂಪ್ಯೂಟರ್ ಆರಿಸಿ ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡಳು.

ಆ ಶನಿವಾರವನ್ನು ಸುಳ್ಳು ಎನ್ನುವುದಕ್ಕಾಗುವುದಿಲ್ಲ. ಅಲಾ-ಅರ್ಚಾ ಕಣಿವೆಯಲ್ಲಿ ಹೊಳೆಯ ಪಕ್ಕ ಕೂತರು. ರೊಟ್ಟಿ ಮುರಿದು ತಿಂದರು, ಜರ್ದಾಳು ಹಣ್ಣಿನ ಬೀಜಗಳನ್ನು ನೀರಿಗೆ ಎಸೆದರು. ಫೋನಿಗೆ ಸಿಗ್ನಲ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ನಾನು ನಿನ್ನನ್ನ ಪ್ರೀತಿಸ್ತೀನಿ ಅಂತ ಹೇಳ್ಬೇಕಾ, ಇಲ್ಲ ಗೊತ್ತಾಗಿದ್ಯಾ?" ಎಂದ ಕುಬಾತ್.

"ಗೊತ್ತಿದೆ. ಆದ್ರೂ ಹೇಳು."

ಹೇಳಿದ. ಮೂರು ಸಲ ಹೇಳಿದ. ಅವಳು ಕೂದಲನ್ನು ಹಿಂದಕ್ಕೆ ಹಾಕಿಕೊಂಡು ಕೂತಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಅಷ್ಟು ಹಗುರಾಗಿ ಅವಳು ಎಂದೂ ಕೂತಿರಲಿಲ್ಲ.

ಅದೇ ಹೊತ್ತಿಗೆ ಕೊಕ್-ಬೆಲ್ ಠಾಣೆಯಲ್ಲಿ ಸಿಡಿಲು ಹೊಡೆದು ಕರೆಂಟು ಹೋಗಿ ಬಂತು. ಯಂತ್ರ ತಾನಾಗಿಯೇ ಏಳಲು ನೋಡಿತು. ಹೊಸ ಕರ್ನಲ್‌ಗೆ ಅಲ್ಲಿನ ಹಳೇ ರೇಡಿಯೋ ಗುರುತೇ ಇರಲಿಲ್ಲ. ಗುರುತಿದ್ದ ಕರ್ನಲ್ ಆ ಸಾಲಿನ ದೆಸೆಯಿಂದ ಹಿಂದಿನ ದಿನವೇ ಹೋಗಿತ್ತು. ಯಂತ್ರದ ಬಾಯಿ ಕಟ್ಟಿತು. ಕಚೇರಿಯ ಗೋಡೆಯ ಮೇಲೆ, ಠಾಣೆಗೊಂದರಂತೆ ಉರಿಯುತ್ತಿದ್ದ ಹದಿನಾಲ್ಕು ದೀಪಗಳಲ್ಲಿ ಒಂದು ಆರಿತು, ನೋಡಲು ಅಲ್ಲಿ ಯಾರೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಕೊಕ್-ಬೆಲ್ ಮೇಲಿನ ಕೆರೆ ಒಡೆಯಿತು. ಸೈರನ್ ಕೂಗಲಿಲ್ಲ. ನೀರು ಸೇತುವೆಯನ್ನು, ಏಳು ಮನೆಗಳ ತೋಟವನ್ನು, ನಾನೂರು ಕುರಿಗಳನ್ನು ಕೊಚ್ಚಿಕೊಂಡು ಹೋಯಿತು. ಸತ್ತವರಿಲ್ಲ, ಅದು ದೇವರ ದಯೆ. ಜೇನು ಸಾಕುತ್ತಿದ್ದ ಬಾತ್ಮಾ ಎಂಬ ಮುದುಕಿ ಪೆಟ್ಟಿಗೆಗಳನ್ನು ಎತ್ತಿಡಲು ಹೋಗಿ ಬಂಡೆಯ ಕೆಳಗೆ ಸಿಕ್ಕಿಬಿದ್ದಳು. ಅವಳ ಬಲಗಾಲು ಮೊಣಕಾಲಿನವರೆಗೆ ಹೋಯಿತು.

ಸೋಮವಾರ ಜಿಬೆಕ್ ಯಾರೊಂದಿಗೂ ಮಾತಾಡದೆ ಉಳಿದ ಹದಿಮೂರು ಯಂತ್ರಗಳಿಗೆ ಹಳೆಯ ಕರ್ನಲ್ ಹಿಂತಿರುಗಿಸಿ, ಆ ಸಾಲನ್ನು ಅಳಿಸಿದಳು. ಮಂಗಳವಾರ ವಿಚಾರಣೆ. ಉದ್ದನೆಯ ಮೇಜಿನ ಸುತ್ತ ಏಳು ಜನ ದೊಡ್ಡವರು, ನಡುವೆ ಸಗಿನ್ ಬೈಕೆ, ಎದುರಿಗೆ ಇವರಿಬ್ಬರು.

"ಯಂತ್ರದ ದಾಖಲೆ ಓದ್ತೀನಿ," ಎಂದರು ಸಗಿನ್ ಬೈಕೆ. "ಹೊಸದು ಹಾಕಿದ್ದು ಜಿಬೆಕ್. ಹಳೆಯದು ತೆಗೆದದ್ದೂ ಜಿಬೆಕ್. ನಡುವೆ ನಲವತ್ತು ಸೆಕೆಂಡು. ಹಾಕಿದವರು ತೆಗೀಬಾರದು ಅಂತ ಹನ್ನೊಂದು ವರ್ಷದಿಂದ ಬಡ್ಕೊಳ್ತಿದ್ದೀನಿ. ಎರಡೂ ನೀನೇ ಮಾಡಿದ್ಯಲ್ಲ, ಯಾಕಮ್ಮ?"

ದಾಖಲೆಯಲ್ಲಿ ತಪ್ಪಿರಲಿಲ್ಲ. ತಾನಾಗಿಯೇ ತೆಗೆಯುವ ಕೆಲಸ ಹಾಕುವವರ ಹೆಸರಿನಲ್ಲೇ ನಡೆಯುತ್ತದೆ. ಆ ಸಾಲು ಬರೆದದ್ದು ಮಾತ್ರ ಎಲ್ಲರೂ ಬಳಸುವ ಖಾತೆಯಿಂದ, ಅದಕ್ಕೆ ಹೆಸರಿಲ್ಲ.

"ತೆಗೆದದ್ದು ನಾನಲ್ಲ ಬೈಕೆ. ಫೈಲಲ್ಲಿದ್ದ ಒಂದು ಸಾಲು."

"ಬರೆದವರು ಯಾರು?"

ಜಿಬೆಕ್ ಪಕ್ಕಕ್ಕೆ ನೋಡಿದಳು. ಕುಬಾತ್ ಚಹಾದ ಬಟ್ಟಲನ್ನು ತಿರುಗಿಸುತ್ತಿದ್ದ. ಅವಳು ಒಂದು ನಿಮಿಷ ಕಾದಳು. ಹೆಸರು ಹೇಳುವುದು ಅವಳಿಗೆ ಕಷ್ಟವಿರಲಿಲ್ಲ. ಅವನ ಬಾಯಿಂದ ಬರಲಿ ಎಂದು ಆಸೆಯಿತ್ತು, ಅಷ್ಟೇ.

"ನಾಳೆ ಹೇಳ್ತೀನಿ," ಎಂದಳು.

"ನಾಳೆ ಹೇಳ್ಲೇಬೇಕು," ಎಂದರು ಸಗಿನ್ ಬೈಕೆ. "ಆ ಮುದುಕಿ ಆಸ್ಪತ್ರೆಯಲ್ಲಿ ಬಂದವರನ್ನೆಲ್ಲ ಕೇಳ್ತಿದ್ದಾಳೆ, ಯಾರು ಮಾಡಿದ್ದು ಅಂತ."

ಮೊಗಸಾಲೆಯಲ್ಲಿ ಕುಬಾತ್ ಅವಳ ಕೈ ಹಿಡಿದುಕೊಂಡ. ಎರಡು ವರ್ಷ ಬಯಸಿದ ಕೈ. ಬೆವರುತ್ತಿತ್ತು.

"ನೀನು ಇಲ್ಲಿ ಹನ್ನೊಂದು ವರ್ಷದವಳು. ಬೈಕೆಗೆ ಮಗಳಿದ್ದ ಹಾಗೆ. ನಿನ್ನನ್ನ ಬೈದು ಬಿಟ್ಬಿಡ್ತಾರೆ. ನನ್ನನ್ನ ಅರೆದುಬಿಡ್ತಾರೆ ಜಿಬೆಕ್. ಸೆಪ್ಟೆಂಬರಲ್ಲಿ ಓಶ್ ಕಚೇರಿಯ ಮುಖ್ಯಸ್ಥನ ಹುದ್ದೆ ನನಗೆ ಅಂತ ಮಾತಾಗಿದೆ."

"ಗೊತ್ತು."

"ನಮ್ಮಿಬ್ಬರಿಗೋಸ್ಕರ ಅಲ್ವಾ? ಮುಂದಿನ ಭಾನುವಾರ ಅಮ್ಮನ್ನ ಕಳಿಸ್ತೀನಿ, ನಿನ್ನ ಕಿವಿಗೆ ಓಲೆ ಹಾಕಿ ಮದುವೆ ಮಾತು ಗಟ್ಟಿ ಮಾಡ್ತಾಳೆ. ಪ್ರಮಾಣ ಮಾಡ್ತೀನಿ." ದನಿ ತಗ್ಗಿಸಿದ. "ಆ ಮೆಸೇಜ್ ಒಂದು ಅಳಿಸಿಬಿಡು."

ಅವನ ತಾಯಿ ಬಂದು ಕಿವಿಗೆ ಓಲೆ ಹಾಕುವುದನ್ನು ಅವಳು ಎಷ್ಟು ಸಲ ಕಲ್ಪಿಸಿಕೊಂಡಿದ್ದಳೋ ಲೆಕ್ಕವಿಲ್ಲ. ಆ ಮಾತು ಇಂಥ ಜಾಗದಲ್ಲಿ, ಇಂಥ ಬೆಲೆಗೆ ಬರುತ್ತದೆಂದು ಮಾತ್ರ ಹೊಳೆದಿರಲಿಲ್ಲ. ಸಂಕಟವಾಯಿತು. ಕೋಪಕ್ಕಿಂತ ಹೆಚ್ಚಾಗಿ ಸಂಕಟವೇ.

"ಓಲೆ ಬೇಡ," ಎಂದಳು. "ನೀನು ಒಳಗೆ ಹೋಗಿ 'ನಾನೇ ಬರೆದೆ' ಅನ್ನು. ನೋಡಿಯೂ ಸುಮ್ಮನಿದ್ದೆ ಅಂತ ನಾನೂ ಹೇಳ್ತೀನಿ. ಆಮೇಲೆ ಕೆಲಸ ಇರ್ಲಿ, ಹೋಗ್ಲಿ, ಬರಿಗಿವಿಯಲ್ಲೇ ನಿನ್ನ ಜೊತೆ ಬರ್ತೀನಿ."

"ನಾಳೆ," ಎಂದ ಕುಬಾತ್. "ನಾಳೆ ಖಂಡಿತ."

ನಾಳೆ ಬಂತು. ಸಗಿನ್ ಬೈಕೆ ಕೇಳಿದರು. ಕುಬಾತ್ ಗಂಟಲು ಸರಿಮಾಡಿಕೊಂಡ, ನೀರು ಕುಡಿದ, ಮತ್ತೆ ನೀರು ಕುಡಿದ.

ಸಾಕ್ಷಿ ಎಂದು ಇದ್ದದ್ದು ಒಂದೇ, ಆ ಮೆಸೇಜ್. ಜೀವನದಲ್ಲಿ ಅವಳಿಗೆ ಬಂದ ಪ್ರೇಮಪತ್ರ ಎಂಬುದೂ ಅದೊಂದೇ. ಅರ್ಧ ಓದಿ ಅರ್ಧ ಬಿಡಬಹುದಿತ್ತು. ಬಿಟ್ಟರೆ ಏನು ಮುಚ್ಚಿಟ್ಟೆ ಎಂದು ಕೇಳುತ್ತಾರೆ. ಜಿಬೆಕ್ ಎದ್ದು ನಿಂತು, ಹವಾಮಾನ ವರದಿ ಓದುವ ದನಿಯಲ್ಲಿ, ಏಳು ಜನರ ಎದುರು ಪೂರ್ತಿ ಓದಿದಳು. ಮಚ್ಚೆಯವರೆಗೂ ಓದಿದಳು. ಮೇಜಿನ ತುದಿಯಲ್ಲಿದ್ದವನೊಬ್ಬ ಕಿಸಕ್ಕೆಂದ. ಇನ್ನೊಬ್ಬನ ಕಣ್ಣು ನೇರ ಅವಳ ಕೊರಳಿಗೆ ಹೋಯಿತು.

"ಇದನ್ನ ನಾನು ನೋಡಿದ್ದು ಶುಕ್ರವಾರ ಸಂಜೆ, ಎಲ್ಲ ಹಾಕಿ ಮುಗಿಸಿದ ಮೇಲೆ. ಆಗಲೇ ಸರಿ ಮಾಡಬಹುದಿತ್ತು. ಮಾಡ್ಲಿಲ್ಲ. ಅದು ನನ್ನ ತಪ್ಪು," ಎಂದಳು.

ಸಗಿನ್ ಬೈಕೆ ಕುಬಾತ್‌ನ ಕಡೆ ತಿರುಗಿದರು. "ನೀನು ಬರೆದದ್ದಾ ಇದು?"

"ಹೌದು ಬೈಕೆ," ಎಂದ ಕುಬಾತ್. ಆಮೇಲೆ, ಮೇಜನ್ನೇ ನೋಡುತ್ತ, "ಎಜೆ ಹೇಳಿದ್ರು ಅಂತ ಬರೆದೆ. ಶನಿವಾರ ರಜಾ ಬೇಕು ಅಂತ ತುಂಬ ದಿನದಿಂದ ಹೇಳ್ತಿದ್ರು."

ಎರಡು ವರ್ಷದಲ್ಲಿ ಮೊದಲ ಸಲ ಅವನು ಅವಳನ್ನು ಎಜೆ ಎಂದ.

"ನಿಜಾನಾ?" ಎಂದು ಕೇಳಿದರು ಸಗಿನ್ ಬೈಕೆ. ಅಲ್ಲ ಎನ್ನಲಿ ಎಂಬ ಆಸೆ ಅವರ ದನಿಯಲ್ಲಿತ್ತು.

"ಬರಿ ಅಂತ ನಾನು ಹೇಳಿಲ್ಲ," ಎಂದಳು. "ಶನಿವಾರ ಬೇಕು ಅಂತ ನನಗೆ ಆಸೆ ಇತ್ತು. ಅದು ನಿಜ. ಎರಡನ್ನೂ ಬರ್ಕೊಳ್ಳಿ."

ಅವರು ಒಂದನ್ನು ಮಾತ್ರ ಬರೆದುಕೊಂಡರು. ಸಂಜೆಯ ಹೊತ್ತಿಗೆ ತೀರ್ಮಾನ ಬಂತು. ಓಶ್ ಕಚೇರಿ ಕುಬಾತ್‌ನ ಕೈ ತಪ್ಪಿತು, ಕೆಲಸ ಉಳಿಯಿತು. ವಯಸ್ಸಿನಲ್ಲಿ ದೊಡ್ಡವಳು, ಅನುಭವದಲ್ಲಿ ದೊಡ್ಡವಳು, ತಿದ್ದಬೇಕಾದವಳೇ ದಾರಿ ತಪ್ಪಿಸಿದಳು ಎಂದು ಜಿಬೆಕ್‌ಳನ್ನು ಕೆಲಸದಿಂದ ತೆಗೆದರು. ಹೆಂಗಸಿನ ತಪ್ಪನ್ನು ಅಳೆಯುವ ಸೇರು ಯಾವ ಊರಿನಲ್ಲಾದರೂ ಸ್ವಲ್ಪ ದೊಡ್ಡದೇ.

ಅವಳು ವ್ಯಾನಿಗಾಗಿ ಕಾಯುತ್ತಿದ್ದಾಗ ಕುಬಾತ್ ಓಡಿ ಬಂದ. ಕಣ್ಣು ಕೆಂಪಾಗಿತ್ತು. ಅತ್ತಿದ್ದ, ಪಾಪ. ಅದೂ ನಾಟಕವಲ್ಲ.

"ಹೆದರಿಬಿಟ್ಟೆ ಜಿಬೆಕ್. ಬಾಯಿಗೆ ಬಂದದ್ದು ಅಂದ್ಬಿಟ್ಟೆ. ಆದ್ರೆ ನಿನ್ನನ್ನ ಪ್ರೀತಿಸಿದ್ದು ಸುಳ್ಳಲ್ಲ, ಆಣೆಗೂ ಸುಳ್ಳಲ್ಲ."

"ಗೊತ್ತು. ಸುಳ್ಳಾಗಿದ್ರೆ ಎಷ್ಟು ಚೆನ್ನಾಗಿತ್ತು. ಮೋಸಗಾರ ಅಂತ ಬೈದು, ಒಂದು ವಾರ ಅತ್ತು, ಮರ್ತುಬಿಡ್ತಿದ್ದೆ."

ವ್ಯಾನು ಬಂತು. ಒಳಗೆ ಜನ ಕಿಕ್ಕಿರಿದಿದ್ದರು. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ಎಲ್ಲಿಗೆ ಹೋಗ್ತಿದ್ದೀಯ?" ಎಂದ ಕುಬಾತ್.

"ಆಸ್ಪತ್ರೆಗೆ. ಆ ಅಜ್ಜಿ ಹೆಸರು ಕೇಳ್ತಿದ್ದಾಳಲ್ಲ. ನನ್ನ ಹೆಸರು ನಾನು ಹೇಳ್ತೀನಿ. ನಿನ್ನದು ನಾನು ಹೇಳಲ್ಲ, ನೀನೇ ಹೇಳಬೇಕು. ಬಾ."

"ಈಗ್ಲಾ?"

"ಈಗ್ಲೇ."

"ಹತ್ತೋದಾದ್ರೆ ಹತ್ರಪ್ಪ, ಇದೇನು ಮದುವೆ ದಿಬ್ಬಣಾನಾ!" ಎಂದು ಡ್ರೈವರ್ ಕೂಗಿದ. ಒಳಗಿದ್ದವರು ನಕ್ಕು, ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟರು.

ಕುಬಾತ್ ಆ ಜಾಗವನ್ನು ನೋಡಿದ. ಕೈಗಡಿಯಾರ ನೋಡಿದ. "ನಾಳೆ ಹೋಗೋಣ," ಎಂದ.

ಅವಳು ಒಳಗೆ ಹೋದಳು, ಬಾಗಿಲು ಎಳೆದುಕೊಂಡಿತು. ಎರಡನೇ ಸ್ಟಾಪ್ ಬರುವವರೆಗೆ ಹಲ್ಲು ಕಚ್ಚಿ ತಡೆದುಕೊಂಡಳು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಹೆಂಗಸು ಏನೂ ಕೇಳದೆ ತನ್ನ ಕರವಸ್ತ್ರ ಕೊಟ್ಟಳು.